ದಿಕ್ಸೂಚಿಯಿಲ್ಲದೆ ಮಹಾಸಾಗರ ದಾಟಿದ ಜನ

(ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಗಿರಣಿ ಕೆಲಸಗಾರರು ಮತ್ತು ಸಣ್ಣ ವರ್ತಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ನೋಡಲು ಹೋಗುವ ನಾಡು ನಮ್ಮದು. ಇಂಥ ಕಡೆ ಕಡಲಿನ ಮಾತೇಕೆ ಎಂದು ತಾವು ಕೇಳಬಹುದು. ನಮ್ಮಲ್ಲಿ ಅನೇಕರು ಸಮುದ್ರವನ್ನು ಕಣ್ಣಾರೆ ಕಂಡವರಲ್ಲ. ನಮ್ಮ ಹಿರಿಯರು ದೊಡ್ಡ ಕೆರೆ ಕಟ್ಟಿ ಅದನ್ನೇ ಸಮುದ್ರವೆಂದು ಕರೆದು ಸಮಾಧಾನಪಟ್ಟವರು. ಹಾಗಿದ್ದೂ ಇಂದು ನಾವು ಪೆಸಿಫಿಕ್ ಮಹಾಸಾಗರದ ಜನರ ವಿಷಯ ಮಾತನಾಡಬೇಕೆಂದಿದ್ದೇವೆ. ಅದಕ್ಕೆ ಕಾರಣವುಂಟು.

ನಮ್ಮ ಮಂಡಿಗಳಲ್ಲಿ, ಕಚೇರಿಗಳಲ್ಲಿ, ಕೆಲವೊಮ್ಮೆ ನಮ್ಮ ಮನೆಗಳಲ್ಲೇ ಒಂದು ಮಾತು ದಿನಾಲೂ ಕೇಳಿಬರುತ್ತದೆ: "ಓದುಬರಹ ಇಲ್ಲದವನಿಗೆ ಏನು ತಿಳಿದೀತು?" ಮೂಟೆ ಹೊರುವವನಿಗೆ ಈ ಮಾತು, ಕುರಿ ಕಾಯುವವನಿಗೆ ಈ ಮಾತು, ಕತ್ತದ ಹಗ್ಗ ಹೊಸೆಯುವ ಹೆಣ್ಣುಮಗಳಿಗೂ ಈ ಮಾತು. ಹೆಚ್ಚು ಕೂಲಿ ಕೇಳಿದರೆ ಮೊದಲು ಬರುವ ಉತ್ತರವೂ ಇದೇ. ಈ ಮಾತಿಗೆ ತಕ್ಕ ಜವಾಬನ್ನು ಪುಸ್ತಕದ ತರ್ಕದಿಂದ ಕೊಡುವುದಕ್ಕಿಂತ, ಒಂದು ಜನಾಂಗ ಮಾಡಿ ತೋರಿಸಿದ ಕೆಲಸದಿಂದ ಕೊಡುವುದು ಲೇಸು. ಲಿಪಿಯಿಲ್ಲದ, ಕಬ್ಬಿಣವಿಲ್ಲದ, ದಿಕ್ಸೂಚಿಯಿಲ್ಲದ ಆ ಜನ ಭೂಮಿಯ ಮೇಲಿನ ಅತಿ ದೊಡ್ಡ ನೀರನ್ನು ದಾಟಿ ಮನೆ ಮಾಡಿಕೊಂಡರು. ಅವರೇ ಪಾಲಿನೇಷ್ಯದ ಜನ.

ಎಷ್ಟು ನೀರು, ಎಷ್ಟು ದೂರ

ಭೂಮಿಯ ಮೇಲ್ಮೈಯಲ್ಲಿ ಮೂರರಲ್ಲೊಂದು ಪಾಲು ಪೆಸಿಫಿಕ್ ಸಾಗರವೇ ಇದೆ. ಅದರ ನಡುವೆ ಉತ್ತರಕ್ಕೆ ಹವಾಯಿ, ಪೂರ್ವಕ್ಕೆ ರಾಪಾ ನುಯಿ ಎಂಬ ಒಂಟಿ ದ್ವೀಪ, ನೈಋತ್ಯಕ್ಕೆ ನ್ಯೂಜಿಲೆಂಡ್. ಈ ಮೂರನ್ನೂ ಗೆರೆ ಎಳೆದು ಸೇರಿಸಿದರೆ ಒಂದು ಮುಕ್ಕೋನವಾಗುತ್ತದೆ. ಒಂದೊಂದು ಬದಿಯೂ ಸುಮಾರು 7,000 ಕಿಲೋಮೀಟರು. ಮಧುಗಿರಿಯಿಂದ ದೆಹಲಿಗೆ ಹೋಗಿ, ಬಂದು, ಮತ್ತೆ ದೆಹಲಿಗೆ ಹೋದರೂ ಒಂದು ಬದಿಯಷ್ಟಾಗುವುದಿಲ್ಲ. ಅಷ್ಟು ನೀರಿನ ನಡುವೆ ಎರಚಿದ ಸಾಸಿವೆಯಂತೆ ದ್ವೀಪಗಳಿವೆ. ಯೂರೋಪಿನ ಹಡಗುಗಳು ಅಲ್ಲಿಗೆ ಹೋದಾಗ, ವಾಸಕ್ಕೆ ಯೋಗ್ಯವಾದ ಹೆಚ್ಚುಕಡಿಮೆ ಎಲ್ಲ ದ್ವೀಪಗಳಲ್ಲೂ ಆಗಲೇ ಜನರಿದ್ದರು, ತೋಟಗಳಿದ್ದವು.

ಇವರ ಪೂರ್ವಿಕರು ಸುಮಾರು 5,000 ವರ್ಷಗಳ ಹಿಂದೆ ಚೀನದ ಅಂಚಿನ ತೈವಾನ್ ದ್ವೀಪದ ಕಡೆಯಿಂದ ಹೊರಟವರು ಎಂದು ಭಾಷೆ, ಮಡಕೆ, ರಕ್ತಸಂಬಂಧ ಮೂರನ್ನೂ ಪರೀಕ್ಷಿಸಿದ ವಿದ್ವಾಂಸರು ಹೇಳುತ್ತಾರೆ. ಫಿಲಿಪ್ಪೀನ್ಸ್ ದಾಟಿ, ನ್ಯೂಗಿನಿಯ ಬದಿಯ ದ್ವೀಪಗಳಿಗೆ ಬಂದು, ಸುಮಾರು 2,800 ವರ್ಷಗಳ ಹಿಂದೆ ಫಿಜಿ, ಟೋಂಗಾ, ಸಮೋವಾಗಳಲ್ಲಿ ನೆಲೆಯೂರಿದರು. ಅಲ್ಲಿ ಒಂದು ಸಾವಿರ ವರ್ಷಕ್ಕೂ ಮೇಲ್ಪಟ್ಟು ನಿಂತರು. ಆಮೇಲೆ ಕ್ರಿ.ಶ. 1000ದ ಆಚೀಚೆ ಮತ್ತೆ ಹೊರಟರು. ತಾಹಿತಿ, ಹವಾಯಿ, ರಾಪಾ ನುಯಿ, ಕೊನೆಗೆ 1300ರ ಹೊತ್ತಿಗೆ ನ್ಯೂಜಿಲೆಂಡ್. ನಮ್ಮಲ್ಲಿ ಹೊಯ್ಸಳರು ಬೇಲೂರು ಹಳೇಬೀಡುಗಳಲ್ಲಿ ಕಲ್ಲು ಕೆತ್ತಿಸುತ್ತಿದ್ದ ಶತಮಾನಗಳಲ್ಲೇ ಅವರು ಹೊಸ ಹೊಸ ದ್ವೀಪಗಳನ್ನು ಹುಡುಕುತ್ತಿದ್ದರು.

ಇದೇ ಬಳಗದ ಇನ್ನೊಂದು ಕವಲು ಪಶ್ಚಿಮಕ್ಕೆ ತಿರುಗಿ ನಮ್ಮ ಹಿಂದೂ ಮಹಾಸಾಗರವನ್ನೇ ದಾಟಿ ಆಫ್ರಿಕದ ಪಕ್ಕದ ಮಡಗಾಸ್ಕರ್ ಸೇರಿತು. ಹವಾಯಿಯಲ್ಲೂ ಸಮೋವಾದಲ್ಲೂ ಮಲಯದಲ್ಲೂ ಐದು ಎಂಬುದಕ್ಕೆ "ಲಿಮ" ಎನ್ನುತ್ತಾರೆ. ಮಡಗಾಸ್ಕರಿನಲ್ಲಿ ಅದು "ದಿಮಿ". ಹವಾಯಿ, ಸಮೋವಾಗಳಲ್ಲಿ ಕೈಗೂ ಅದೇ "ಲಿಮ". ಬೆರಳೆಣಿಸಿ ಲೆಕ್ಕ ಮಾಡಿದ ದುಡಿಯುವವನ ಕೈ ಆ ಮಾತಿನಲ್ಲಿ ಇಂದಿಗೂ ಕಾಣುತ್ತದೆ.

ನಮ್ಮ ಕರಾವಳಿಗೂ ಈ ಕಥೆ ಸೇರಿದೆ. ಒಂದು ಪಕ್ಕಕ್ಕೆ ಉದ್ದನೆಯ ತೇಲುಮರ ಕಟ್ಟಿದ ದೋಣಿಗಳು ಕಾರವಾರದ ಕಡೆ ಉಂಟು. ಹೀಗೆ ಕಟ್ಟುವ ವಿದ್ಯೆ ಆ ದ್ವೀಪಗಳ ಜನರಿಂದ ಬಂದುದೆಂದು, ಮದರಾಸು ಪ್ರಾಂತದ ಮೀನುಗಾರಿಕೆ ಇಲಾಖೆಯ ಮುಖ್ಯಸ್ಥನಾಗಿದ್ದ ಜೇಮ್ಸ್ ಹಾರ್ನೆಲ್ 1920ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಾದಿಸಿದ.

ದೋಣಿಯೊಳಗಿದ್ದ ಸಾಮಾನು

ವರ್ತಕ ಬಂಧುಗಳೇ, ನಿಮ್ಮ ಅಂಗಡಿಯ ಮುಂದಿರುವ ಸಾಮಾನುಗಳನ್ನು ಒಮ್ಮೆ ನೆನೆಸಿಕೊಳ್ಳಿ. ತೆಂಗಿನಕಾಯಿ, ಬಾಳೆ, ಕಬ್ಬು, ಅರಿಶಿನ, ಕೆಸುವಿನ ಗೆಡ್ಡೆ. ಇವೆಲ್ಲವೂ ಅವರ ದೋಣಿಯಲ್ಲಿದ್ದವು. ನಾವು ಹೊಸಮನೆಗೆ ಒಯ್ಯುವ ಅರಿಶಿನವನ್ನು ಅವರೂ ಹೊಸ ನಾಡಿಗೆ ಒಯ್ದರು. ತೆಂಗನ್ನು ಮನುಷ್ಯ ಎರಡು ಕಡೆ ಬೇರೆಬೇರೆಯಾಗಿ ಪಳಗಿಸಿದನೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಒಂದು ನಮ್ಮ ದಕ್ಷಿಣ ಭಾರತದ ಸುತ್ತಿನ ಕಡಲಂಚಿನಲ್ಲಿ, ಇನ್ನೊಂದು ಆಗ್ನೇಯ ಏಷ್ಯಾದ ದ್ವೀಪಗಳಲ್ಲಿ. ಹಾಗಾಗಿ ನಮ್ಮ ಕೊರಟಗೆರೆ, ಶಿರಾ ಕಡೆಯ ತೆಂಗು ಅವರ ತೆಂಗಿಗೆ ದಾಯಾದಿ.

ಸಿಹಿಗೆಣಸಿನದು ಇನ್ನೂ ದೊಡ್ಡ ವಿಚಿತ್ರ. ಅದರ ತವರು ದಕ್ಷಿಣ ಅಮೆರಿಕ. ನಮ್ಮ ದೇಶಕ್ಕೆ ಅದು ಬಂದದ್ದು ಕೊಲಂಬಸನ ನಂತರ. ಆದರೆ ಪಾಲಿನೇಷ್ಯದಲ್ಲಿ ಕೊಲಂಬಸ್ ಹುಟ್ಟುವ ಮೊದಲೇ ಗೆಣಸಿತ್ತು. ಈ ಜನರೂ ಅಮೆರಿಕದ ಮೂಲನಿವಾಸಿಗಳೂ ಕ್ರಿ.ಶ. 1200ರ ಸುಮಾರಿಗೆ ಕಲೆತಿದ್ದರು ಎಂಬುದಕ್ಕೆ 2020ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನ ಸಾಕ್ಷ್ಯ ಕೊಟ್ಟಿತು.

ಇನ್ನು ದೋಣಿ. ಎರಡು ಉದ್ದನೆಯ ದೋಣಿಗಳನ್ನು ಪಕ್ಕಪಕ್ಕಕ್ಕಿಟ್ಟು ಅಡ್ಡಮರಗಳಿಂದ ಬಿಗಿದು, ನಡುವೆ ಅಟ್ಟ ಹಾಕುತ್ತಿದ್ದರು. ಒಂದು ಮೊಳೆಯೂ ಇಲ್ಲ. ಎಲ್ಲವೂ ತೆಂಗಿನ ನಾರನ್ನು ಹೊಸೆದ ಹಗ್ಗದ ಕಟ್ಟು. ಮೊಳೆ ಹೊಡೆದ ಹಲಗೆ ಅಲೆಯ ಪೆಟ್ಟಿಗೆ ಸೀಳುತ್ತದೆ. ಹಗ್ಗದ ಕಟ್ಟು ಅಲೆಯೊಡನೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಹಾಯಿಯನ್ನು ಕೇದಗೆ ಜಾತಿಯ ಗಿಡದ ಎಲೆಯನ್ನು ಚಾಪೆಯಂತೆ ಹೆಣೆದು ಮಾಡುತ್ತಿದ್ದರು. ಸಂದುಗಳಿಗೆ ದೀವಿಹಲಸಿನ ಅಂಟು. ನಾರು ಬಿಡಿಸಿ ಹಗ್ಗ ಮಾಡುವ ಕೆಲಸದಲ್ಲಿ ಬೆರಳು ಸವೆಸಿಕೊಂಡವರು ಈ ಸಭೆಯಲ್ಲಿಯೂ ಇದ್ದೀರಿ. ಮಹಾಸಾಗರ ದಾಟಿದ ದೋಣಿಯ ಜೀವ ಯಾವ ಕೆಲಸದಲ್ಲಿತ್ತೆಂಬುದು ನಿಮಗೆ ತಿಳಿಯದ ಸಂಗತಿಯಲ್ಲ.

ನಕ್ಷತ್ರ, ಅಲೆ, ಗಾಳಿ

ದಾರಿ ಹೇಗೆ ತಿಳಿಯುತ್ತಿತ್ತು? ನಮ್ಮ ರೈತ ಮಳೆಯನ್ನು ನಕ್ಷತ್ರದ ಹೆಸರಿನಲ್ಲಿ ಎಣಿಸುತ್ತಾನೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾನೆ. ಅವರೂ ಹಾಗೆಯೇ. ನಮ್ಮ ಕೃತ್ತಿಕೆ ನ್ಯೂಜಿಲೆಂಡಿನ ಮಾವೋರಿಗಳಿಗೆ "ಮತಾರಿಕಿ". ಚಳಿಗಾಲದ ನಸುಕಿನಲ್ಲಿ ಅದು ಮೂಡಿದರೆ ಅವರಿಗೆ ಹೊಸವರ್ಷ. 2022ರಿಂದ ಆ ದೇಶದಲ್ಲಿ ಅದಕ್ಕೆ ಸರ್ಕಾರಿ ರಜೆಯೂ ಆಗಿದೆ.

ನಮ್ಮ ಸ್ವಾತಿ ಅವರ ದಾರಿಯ ಗುರುತು. ಬೇಸಗೆಯ ರಾತ್ರಿ ಅಂಗಳದಲ್ಲಿ ಮಲಗಿದರೆ ನಮ್ಮ ನೆತ್ತಿಯಿಂದ ಕೊಂಚ ಉತ್ತರಕ್ಕೆ ಕೆಂಪುಹಳದಿಯಾಗಿ ಹೊಳೆಯುವ ನಕ್ಷತ್ರ ಅದು. ಹವಾಯಿಯಲ್ಲಿ ಅದು ಸರಿಯಾಗಿ ನೆತ್ತಿಯ ಮೇಲೆಯೇ ಹಾಯುತ್ತದೆ. ದಕ್ಷಿಣದಿಂದ ಹೊರಟವನು ಸ್ವಾತಿ ನೆತ್ತಿಗೆ ಬರುವವರೆಗೆ ಉತ್ತರಕ್ಕೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಹವಾಯಿ ಸಿಕ್ಕುತ್ತದೆ. ತಾಹಿತಿಗೆ ಆಕಾಶದ ಅತಿ ಪ್ರಕಾಶದ ನಕ್ಷತ್ರವಾದ ಲುಬ್ಧಕ ಹೀಗೆಯೇ ಗುರುತು.

ಯಾವ ನಕ್ಷತ್ರ ಎಲ್ಲಿ ಮೂಡುತ್ತದೆ, ಎಲ್ಲಿ ಮುಳುಗುತ್ತದೆ ಎಂಬುದನ್ನು ಸುತ್ತಲೂ ಕಲ್ಲಿಟ್ಟು ಮಕ್ಕಳಿಗೆ ಕಲಿಸುತ್ತಿದ್ದರು. ಮೋಡ ಮುಚ್ಚಿದ ರಾತ್ರಿ ದೋಣಿಯ ತಳದಲ್ಲಿ ಮಲಗಿ ಅಲೆಯ ಹೊಡೆತವನ್ನು ಮೈಗೆ ತಂದುಕೊಂಡು ದಿಕ್ಕು ಹೇಳುತ್ತಿದ್ದರು. ಏಕೆಂದರೆ ದೂರದಿಂದ ಬರುವ ದೊಡ್ಡ ಅಲೆಗಳ ದಿಕ್ಕು ಸುಲಭವಾಗಿ ಬದಲಾಗುವುದಿಲ್ಲ. ಸಂಜೆ ಗೂಡಿಗೆ ಮರಳುವ ಹಕ್ಕಿ ನೆಲದ ದಿಕ್ಕು ತೋರುತ್ತಿತ್ತು. ಉಳಿದ ಮೋಡಗಳು ಓಡುತ್ತಿರುವಾಗ ಒಂದು ಮೋಡ ನಿಂತಲ್ಲೇ ನಿಂತಿದ್ದರೆ ಅದರಡಿ ದ್ವೀಪವಿದೆಯೆಂದು ಲೆಕ್ಕ.

ಇದಕ್ಕಿಂತ ದೊಡ್ಡದು ಅವರ ಎಚ್ಚರಿಕೆ. ಅಲ್ಲಿನ ಗಾಳಿ ವರ್ಷದ ಹೆಚ್ಚು ಕಾಲ ಪೂರ್ವದಿಂದ ಬೀಸುತ್ತದೆ. ಅವರು ಹೊಸ ನೆಲ ಹುಡುಕಿ ಹೋದದ್ದೂ ಪೂರ್ವಕ್ಕೆ, ಗಾಳಿಗೆ ಎದುರಾಗಿ. ಮೇಲುನೋಟಕ್ಕೆ ಹುಚ್ಚುತನ. ಆದರೆ ವಿಚಾರ ಮಾಡಿ ನೋಡಿ. ಗಾಳಿಗೆದುರು ಹೋದವನಿಗೆ ನೆಲ ಸಿಕ್ಕದಿದ್ದರೆ, ನೀರೂ ಊಟವೂ ತೀರುತ್ತ ಬಂದರೆ, ಹಾಯಿ ತಿರುಗಿಸಿದರೆ ಸಾಕು, ಗಾಳಿಯೇ ಊರಿಗೆ ತಂದು ಬಿಡುತ್ತದೆ. ಹಿಂದಿರುಗುವ ದಾರಿಯನ್ನು ಭದ್ರ ಮಾಡಿಕೊಂಡೇ ಅವರು ಮುಂದೆ ಹೋದರು. ಈ ಒಂದು ಮಾತನ್ನು ತಾವು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಪಂಡಿತರ ತೀರ್ಪು, ದೋಣಿಯ ಸಾಕ್ಷಿ

1769ರಲ್ಲಿ ಇಂಗ್ಲಿಷ್ ಕಪ್ತಾನ ಕುಕ್ ತಾಹಿತಿಯಿಂದ ತುಪಾಯಾ ಎಂಬ ಅರ್ಚಕನನ್ನು ತನ್ನ ಹಡಗಿನಲ್ಲಿ ಕರೆದುಕೊಂಡು ಹೋದ. ಈತ ದಾರಿ ಬಲ್ಲವನು. 70ಕ್ಕೂ ಹೆಚ್ಚು ದ್ವೀಪಗಳ ನಕ್ಷೆಗೆ ಮಾಹಿತಿ ಕೊಟ್ಟ. ನ್ಯೂಜಿಲೆಂಡಿನಲ್ಲಿ ಇಳಿದು ತನ್ನ ಮಾತಿನಲ್ಲೇ ಮಾತಾಡಿದರೆ ಅಲ್ಲಿಯ ಜನರಿಗೆ ಅರ್ಥವಾಯಿತು. ಮರುವರ್ಷ ಬಟೇವಿಯಾದಲ್ಲಿ ರೋಗಕ್ಕೆ ತುತ್ತಾಗಿ ಆತ ತೀರಿಕೊಂಡ.

ಇಷ್ಟು ಸಾಕ್ಷಿ ಇದ್ದೂ ಮುಂದಿನ ಪಂಡಿತರು ನಂಬಲಿಲ್ಲ. 1947ರಲ್ಲಿ ನಾರ್ವೆಯ ಥಾರ್ ಹೆಯರ್‌ದಾಲ್ ಪೆರುವಿನಿಂದ ಕಾನ್-ಟಿಕಿ ಎಂಬ ಮರದ ತೆಪ್ಪದಲ್ಲಿ 101 ದಿನ ತೇಲಿ ಬಂದು, ಈ ದ್ವೀಪಗಳಿಗೆ ಮೊದಲು ಅಮೆರಿಕದಿಂದಲೇ ಜನ ತೇಲಿಬಂದರೆಂದು ಸಾರಿದ. 1956ರಲ್ಲಿ ನ್ಯೂಜಿಲೆಂಡಿನ ಆಂಡ್ರ್ಯೂ ಷಾರ್ಪ್ ಇನ್ನೊಂದು ಪುಸ್ತಕ ಬರೆದ. ಅಷ್ಟು ದೂರಕ್ಕೆ ಗುರಿಯಿಟ್ಟು ಹೋಗಿಬರುವುದು ಇವರಿಂದ ಸಾಧ್ಯವಿರಲಿಲ್ಲ, ದಾರಿ ತಪ್ಪಿದವರು ಅಕಸ್ಮಾತ್ತಾಗಿ ದಡ ಸೇರಿದರು ಎಂಬುದು ಅವನ ವಾದ. ಗಮನಿಸಿ ಸಂಗಾತಿಗಳೇ, ದೊರೆ ಕಡಲು ದಾಟಿದರೆ ಅದು ಶೋಧನೆ; ದುಡಿಯುವವನು ದಾಟಿದರೆ ಅದು ಅಕಸ್ಮಾತ್ತು!

1973ರಲ್ಲಿ ಗಾಳಿ ಮತ್ತು ಪ್ರವಾಹಗಳ ಲೆಕ್ಕವನ್ನು ಗಣಕಯಂತ್ರಕ್ಕೆ ಹಾಕಿ ನೋಡಿದಾಗ, ಬರೀ ತೇಲಿಕೊಂಡು ಹವಾಯಿ, ರಾಪಾ ನುಯಿ, ನ್ಯೂಜಿಲೆಂಡುಗಳನ್ನು ಸೇರುವುದು ಹೆಚ್ಚುಕಡಿಮೆ ಅಸಾಧ್ಯವೆಂದು ತಿಳಿಯಿತು. ಆದರೂ ಮಾಡಿ ತೋರಿಸಬೇಕಲ್ಲ? ಹವಾಯಿಯ ಕೆಲವರು ಸೇರಿ ಹಳೆಯ ಮಾದರಿಯಲ್ಲಿ ಜೋಡಿದೋಣಿ ಕಟ್ಟಿ ಅದಕ್ಕೆ "ಹೋಕುಲೇಅ" ಎಂದು ಹೆಸರಿಟ್ಟರು. ಅಂದರೆ ಆನಂದದ ನಕ್ಷತ್ರ, ನಮ್ಮ ಸ್ವಾತಿಯೇ. ದೋಣಿಯೇನೋ ಆಯಿತು, ದಾರಿ ಬಲ್ಲವರು ಹವಾಯಿಯಲ್ಲಿ ಒಬ್ಬರೂ ಉಳಿದಿರಲಿಲ್ಲ. ಕೊನೆಗೆ ದೂರದ ಸತಾವಲ್ ಎಂಬ ಪುಟ್ಟ ದ್ವೀಪದ ಮೌ ಪಿಯಾಯ್ಲುಗ್ ಬಂದರು. 1932ರಲ್ಲಿ ಹುಟ್ಟಿದವರು. ಅವರ ವಿದ್ಯೆ ಶಾಲೆಯದಲ್ಲ, ಅಜ್ಜ ಕೊಟ್ಟದ್ದು. ಆ ಕಡಲೂ ಅವರಿಗೆ ಹೊಸದು. 1976ರ ಮೇ 1ರಂದು, ದುಡಿಯುವವರ ದಿನದಂದೇ ಎಂಬುದನ್ನು ಮರೆಯಬೇಡಿ, ದೋಣಿ ಹೊರಟಿತು. ದಿಕ್ಸೂಚಿಯಿಲ್ಲ, ನಕ್ಷೆಯಿಲ್ಲ, ಗಡಿಯಾರವಿಲ್ಲ. ಸುಮಾರು 4,000 ಕಿಲೋಮೀಟರು ದಾಟಿ ಜೂನ್ 4ರಂದು ತಾಹಿತಿಯ ಬಂದರಿಗೆ ಬಂದಿತು. ದಡದಲ್ಲಿ 17,000ದಷ್ಟು ಜನ ಸೇರಿದ್ದರು. ಪಂಡಿತರ ಅನುಮಾನ ಅಲ್ಲಿಗೆ ಮುಗಿಯಿತು.

ಮೌ ಅವರು ತಮ್ಮ ವಿದ್ಯೆಯನ್ನು ಹೊರಗಿನವರಿಗೆ ಕಲಿಸಿದ್ದಕ್ಕೆ ಸ್ವಂತ ಜನರಿಂದ ಆಕ್ಷೇಪಣೆ ಕೇಳಬೇಕಾಯಿತು. ಆದರೆ ಊರಿನ ಹುಡುಗರು ಕಲಿಯಲು ಮುಂದೆ ಬರುತ್ತಿರಲಿಲ್ಲ. ಕಲಿಸದಿದ್ದರೆ ವಿದ್ಯೆ ತಮ್ಮೊಡನೆಯೇ ಹೋಗುತ್ತದೆಂಬುದು ಅವರ ಚಿಂತೆ. ಅವರಿಂದ ಕಲಿತ ಹವಾಯಿಯ ನೈನೋವಾ ಥಾಂಪ್ಸನ್ 1980ರಲ್ಲಿ ಅದೇ ದಾರಿಯನ್ನು ಉಪಕರಣವಿಲ್ಲದೆ ಹೋಗಿ ಬಂದರು. ಮೌ 2010ರಲ್ಲಿ ತೀರಿಕೊಂಡರು, ವಿದ್ಯೆ ಉಳಿಯಿತು.

ವಿದ್ಯೆ ಏಕೆ ಅಳಿಯಿತು?

ಅವರನ್ನು ದೇವತೆಗಳೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ಅವರಲ್ಲಿಯೂ ಒಡೆಯರಿದ್ದರು, ಆಳುಗಳಿದ್ದರು. ನ್ಯೂಜಿಲೆಂಡಿನಲ್ಲಿದ್ದ ಮೋವಾ ಎಂಬ ಬೃಹತ್ ಹಕ್ಕಿಯನ್ನು ಎರಡು ಶತಮಾನ ಕಳೆಯುವುದರೊಳಗೆ ಬೇಟೆಯಾಡಿ ನಿರ್ನಾಮ ಮಾಡಿದರು. ಆದರೆ ಅವರ ಕಡಲವಿದ್ಯೆ ಅಳಿಯಲು ಕಾರಣ ಬೇರೆ. ಹೊರಗಿನಿಂದ ರೋಗ ಬಂತು, ಆಮೇಲೆ ಬಂಡವಾಳ ಬಂತು. 1862-63ರಲ್ಲಿ ಪೆರುವಿನ ಗುಲಾಮ ವ್ಯಾಪಾರಿಗಳು ರಾಪಾ ನುಯಿಯಿಂದ ಸುಮಾರು 1,500 ಜನರನ್ನು ಹೊತ್ತೊಯ್ದರು. ಬದುಕಿ ಮರಳಿದ ಕೆಲವರೊಡನೆ ಸಿಡುಬೂ ಬಂತು. 1877ರಲ್ಲಿ ಆ ದ್ವೀಪದಲ್ಲಿ ಉಳಿದವರು 111 ಮಂದಿ. ಹವಾಯಿಯ ರಾಣಿಯನ್ನು 1893ರಲ್ಲಿ ಕಬ್ಬಿನ ತೋಟದ ಒಡೆಯರ ಬಳಗ ಅಮೆರಿಕದ ಸೈನಿಕರ ನೆರಳಿನಲ್ಲಿ ಕೆಳಗಿಳಿಸಿತು. ತಾಹಿತಿಯ ಸುತ್ತಿನ ಕಡಲಲ್ಲಿ ಫ್ರಾನ್ಸ್ 1966ರಿಂದ 1996ರವರೆಗೆ 193 ಅಣುಸ್ಫೋಟ ನಡೆಸಿತು.

ಕಬ್ಬಿನ ಕಥೆಯಲ್ಲಿ ನಮ್ಮ ದೇಶದವರ ಕಣ್ಣೀರೂ ಇದೆ. ಆ ಜನ ಕೈಯಲ್ಲಿ ಹಿಡಿದು ತಂದು ನೆಟ್ಟ ಕಬ್ಬು ಸಕ್ಕರೆ ಕಂಪನಿಗಳ ಲಾಭದ ಬೆಳೆಯಾಯಿತು. ಅದನ್ನು ಕಡಿಯಲು 1879ರಿಂದ 1916ರವರೆಗೆ ಭಾರತದಿಂದ ಸುಮಾರು 60,000 ಕೂಲಿಗಳನ್ನು ಫಿಜಿಗೆ ಸಾಗಿಸಿದರು. 1903ರಿಂದ ಮದರಾಸಿನ ಬಂದರಿನಿಂದಲೂ ಹಡಗು ಹೊರಟವು. ಐದು ವರ್ಷದ ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಅಗ್ರಿಮೆಂಟು ಎಂಬ ಮಾತು ಆ ಬಡವರ ಬಾಯಲ್ಲಿ "ಗಿರ್ಮಿಟ್" ಆಯಿತು. ಚಳವಳಿಯ ಒತ್ತಾಯಕ್ಕೆ ಮಣಿದು ಉಳಿದ ಒಪ್ಪಂದಗಳನ್ನು 1920ರ ಜನವರಿ 1ರಂದು ರದ್ದು ಮಾಡಿದರು. ಅದೇ ಸಾಗರ, ಅದೇ ಕಬ್ಬು. ಒಬ್ಬರು ತಮ್ಮ ದೋಣಿಯಲ್ಲಿ ತಾವೇ ಹೊರಟವರು, ಇನ್ನೊಬ್ಬರು ಪರರ ಹಡಗಿನಲ್ಲಿ ಸರಕಾಗಿ ಹೋದವರು.

ನಮ್ಮ ನಾಲ್ಕು ತಾಲ್ಲೂಕು

ಈಗ ಮನೆಗೆ ಬರೋಣ. ಮಳೆ ಕೈಕೊಟ್ಟ ವರ್ಷ ಪಾವಗಡ, ಮಧುಗಿರಿ, ಶಿರಾ ಕಡೆಯಿಂದ ಜನ ಗುಳೆ ಹೋಗುವುದು ತಮಗೆ ಗೊತ್ತು. ಕಡಲೆಕಾಯಿ ಕೈಗೆ ಬಾರದಿದ್ದರೆ ಬೆಂಗಳೂರಿನ ಕಟ್ಟಡದ ಕೆಲಸ. ಅವನು ಹೊರಡುವಾಗ ಕೈಯಲ್ಲಿ ಬೀಜವಿಲ್ಲ, ಸಂಗಡ ಸಂಘವಿಲ್ಲ. ಮೇಸ್ತ್ರಿಯಿಂದ ಮುಂಗಡ ತಿಂದಿದ್ದರೆ ತೀರುವವರೆಗೆ ಹಿಂದಿರುಗುವ ಹಾಗೂ ಇಲ್ಲ. ಹಿಂದಿರುಗುವ ದಾರಿ ಭದ್ರ ಮಾಡಿಕೊಂಡು ಹೋದವರ ಕಥೆ ಆಗಲೇ ಹೇಳಿದೆವು. ನಮ್ಮವರಿಗೆ ಆ ದಾರಿಯನ್ನೇ ಮೊದಲು ಮುಚ್ಚಿ ಆಮೇಲೆ ಬಸ್ಸು ಹತ್ತಿಸುತ್ತಾರೆ. ವಲಸೆ ತಪ್ಪಲ್ಲ, ಮನುಷ್ಯನ ಚರಿತ್ರೆಯೇ ವಲಸೆ. ಆದರೆ ಹೊರಡುವುದು ಬೇರೆ, ಹೊರದಬ್ಬಿಸಿಕೊಳ್ಳುವುದು ಬೇರೆ. ಇದು ವರ್ತಕರಿಗೂ ಸೇರಿದ ಸಂಗತಿ. ಊರು ಬರಿದಾದರೆ ಅಂಗಡಿಯಲ್ಲಿ ಉಳಿಯುವುದು ಉದ್ರಿ ಪುಸ್ತಕ ಮಾತ್ರ.

ಪಾವಗಡದ ತಿರುಮಣಿ, ಬಳಸಮುದ್ರ ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕು ಎದ್ದಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಆರಂಭವಾಯಿತು. ಬೆಳಕು ಬೇಡವೆನ್ನುವವರು ನಾವಲ್ಲ. ಬರದಲ್ಲಿ ಬೆಂದ ಹಿಡುವಳಿದಾರನಿಗೆ ಆ ಹಣ ಆಸರೆಯಾದುದೂ ನಿಜ. ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕಿದ ಭೂಮಿಯಿಲ್ಲದವನಿಗೆ ಯಾವ ಗುತ್ತಿಗೆ ಬಂತು? ಆ ನೆಲದಲ್ಲಿ ಕುರಿ ಮೇಯಿಸಿದವನಿಗೆ ಯಾವ ಬಾಡಿಗೆ ಬಂತು?

ನೆಲದೊಡನೆ ಹೋಗುವುದು ಕೂಲಿಯೊಂದೇ ಅಲ್ಲ, ವಿದ್ಯೆಯೂ ಹೋಗುತ್ತದೆ. ನಮ್ಮ ಕೆರೆಗಳಿಗೆ ನೀರುಗಂಟಿ ಎಂಬವನಿದ್ದ. ತೂಬು ಎಷ್ಟು ಎತ್ತಿದರೆ ಎಷ್ಟು ಗದ್ದೆಗೆ ನೀರು, ಯಾವ ಹೊಲದ ಸರದಿ ಎಂದು, ಕೆರೆ ಅರ್ಧ ತುಂಬಿದ ವರ್ಷ ಯಾರಿಗೆಷ್ಟು ಎಂದು ಅವನು ಬಲ್ಲ. ಬಹುಪಾಲು ದಲಿತರೇ ಈ ಕೆಲಸ ಮಾಡಿದವರು. ಸುಗ್ಗಿಯಲ್ಲಿ ಕಣದ ಕಾಳು ಅವರ ಸಂಬಳ. ಕೊಳವೆಬಾವಿ ಸಾವಿರ ಅಡಿಗೆ ಇಳಿದ ಮೇಲೆ ನೀರುಗಂಟಿಯನ್ನು ಕೇಳುವವರಿಲ್ಲ. ಮಂದೆಯ ಹಿಂದೆ ತಿಂಗಳುಗಟ್ಟಲೆ ನಡೆಯುವ ಕುರುಬನಿಗೆ, ಕಾಡುಗೊಲ್ಲರ ಹಟ್ಟಿಯ ಹಿರಿಯನಿಗೆ ಯಾವ ಹುಲ್ಲು ಯಾವ ತಿಂಗಳು, ಯಾವ ಹಳ್ಳದಲ್ಲಿ ಒರತೆ ಎಂಬುದು ಗೊತ್ತು. ಸಿದ್ಧರಬೆಟ್ಟದ ಗಿಡಮೂಲಿಕೆ ಬಲ್ಲ ಮುದುಕಿಯರಿದ್ದಾರೆ. ಇವರೆಲ್ಲ ನಮ್ಮ ಮೌ ಪಿಯಾಯ್ಲುಗರು. ಹವಾಯಿಯವರು ತಮ್ಮ ಕೊನೆಯ ದಾರಿಗಾರನನ್ನು ಕಳೆದುಕೊಂಡ ಮೇಲೆ ಪರದ್ವೀಪಕ್ಕೆ ಹೋಗಿ ಕೈಮುಗಿಯಬೇಕಾಯಿತು. ನಮಗೆ ಹಾಗಾಗಬಾರದು.

ಆದ್ದರಿಂದ ಮೂರು ಕೆಲಸ ಹಚ್ಚಿಕೊಳ್ಳೋಣ. ಒಂದು, ಊರಿಂದ ಗುಳೆ ಹೋಗುವವರು ಒಂಟಿಯಾಗಿ ಹೋಗಬಾರದು. ತಂಡ ಕಟ್ಟಿ, ಮೇಸ್ತ್ರಿಯ ಹೆಸರು, ಜಾಗ, ಕೂಲಿಯ ದರ, ಪಡೆದ ಮುಂಗಡ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದು, ಅದರ ಪ್ರತಿಯನ್ನು ಊರಲ್ಲಿ ಬಿಟ್ಟು ಹೋಗಬೇಕು. ಬರೆಯಲು ಬಾರದವರಿಗೆ ಬರೆದುಕೊಡುವುದು ಅಂಗಡಿಯವರ ಕೆಲಸ. ಲೆಕ್ಕ ಬರೆಯುವ ಕೈ ಅವರದು. ಎರಡು, ಕೆರೆಯ ಹೂಳೆತ್ತುವ ಕೆಲಸ ಬಂದಾಗ ಕಂಟ್ರಾಕ್ಟರನ್ನು ಕೇಳುವ ಮೊದಲು ನೀರುಗಂಟಿಯ ಮನೆತನದವರನ್ನು ಕೇಳಬೇಕೆಂದು, ಅವರಿಗೆ ಅದಕ್ಕೆ ತಕ್ಕ ಸಂಬಳ ಕೊಡಬೇಕೆಂದು ಪಂಚಾಯಿತಿಯಲ್ಲಿ ಪಟ್ಟು ಹಿಡಿಯೋಣ. ಮೂರು, ಶಾಲೆಗೆ ಹೋಗುವ ನಮ್ಮ ಮಕ್ಕಳು ರಜೆಯಲ್ಲಿ ಹಿರಿಯರ ಬಳಿ ಕೂತು ಅವರು ಬಲ್ಲದ್ದನ್ನು ಬರೆದಿಡಲಿ. ಅಕ್ಷರ ಕಲಿತದ್ದು ಅಕ್ಷರ ಬಾರದವರನ್ನು ಹೀಗಳೆಯುವುದಕ್ಕಲ್ಲ, ಅವರ ವಿದ್ಯೆಯನ್ನು ಉಳಿಸುವುದಕ್ಕೆ.

ಪಾಲಿನೇಷ್ಯದವರಿಗೂ ಈಗ ಹೊಸ ಸಂಕಟ ಬಂದಿದೆ. ಅವರ ತುವಾಲು ಎಂಬ ದೇಶದ ನೆಲ ಎಲ್ಲಿಯೂ ಕಡಲಿನಿಂದ ಐದು ಮೀಟರಿಗಿಂತ ಹೆಚ್ಚು ಎತ್ತರವಿಲ್ಲ. ಕಡಲು ಏರುತ್ತಿರುವುದರಿಂದ 2023ರಲ್ಲಿ ಆಸ್ಟ್ರೇಲಿಯದೊಡನೆ ಒಪ್ಪಂದವಾಗಿ, ವರ್ಷಕ್ಕೆ 280 ಜನರಿಗೆ ಅಲ್ಲಿ ನೆಲೆಸಲು ಅವಕಾಶವಾಗಿದೆ. ಜಗತ್ತಿನ ಕಾರ್ಖಾನೆಗಳ ಹೊಗೆಗೆ ಅವರು ಕಾರಣರಲ್ಲ. ನಮ್ಮ ಬರಕ್ಕೆ ನಮ್ಮ ಕೂಲಿಕಾರನೂ ಕಾರಣನಲ್ಲ. ಅವರಿಗೆ ನೀರು ಹೆಚ್ಚಿ ಊರು ಬಿಡುವ ಕಾಲ, ನಮಗೆ ನೀರಿಲ್ಲದೆ ಊರು ಬಿಡುವ ಕಾಲ. ಇಬ್ಬರೂ ಕೇಳಬೇಕಾದ ನ್ಯಾಯ ಒಂದೇ.

ನಾಳೆ ಮಂಡಿಯಲ್ಲಿ ಯಾರಾದರೂ "ಓದುಬರಹ ಇಲ್ಲದವನಿಗೆ ಏನು ತಿಳಿದೀತು" ಎಂದರೆ ಸುಮ್ಮನಿರಬೇಡಿ. ಮೊಳೆಯಿಲ್ಲದ ದೋಣಿಯ ವಿಷಯ ಹೇಳಿ, ಸ್ವಾತಿಯ ವಿಷಯ ಹೇಳಿ. ಆಮೇಲೆ ನ್ಯಾಯವಾದ ಕೂಲಿಯನ್ನೂ ಕೇಳಿ.